ಎರಡು ಅವಧಿಯ ಮಿತಿ ಹದಿನಾಲ್ಕು ದಿನದಲ್ಲಿ ಬಿದ್ದ ಬಗೆ: ಷಿ ಜಿನ್‌ಪಿಂಗ್ ಮತ್ತು ಚೀನಾದ 2018ರ ಸಂವಿಧಾನ ತಿದ್ದುಪಡಿ

2018ರ ಮಾರ್ಚ್ 11, ಭಾನುವಾರ. ಚೀನಾದ ಸಂಸತ್ತು ಎನಿಸಿಕೊಂಡಿರುವ ರಾಷ್ಟ್ರೀಯ ಜನತಾ ಕಾಂಗ್ರೆಸ್‌ನ ಪ್ರತಿನಿಧಿಗಳು ಬೀಜಿಂಗ್‌ನ ಜನತಾ ಮಹಾಭವನದಲ್ಲಿ ಸಂವಿಧಾನ ತಿದ್ದುಪಡಿಗೆ ಮತ ಹಾಕಲು ಸೇರಿದ್ದರು. ವೇದಿಕೆಯ ನಡುವೆ ರಾಷ್ಟ್ರಲಾಂಛನವಿದ್ದ ದೊಡ್ಡ ಕೆಂಪು ಪೆಟ್ಟಿಗೆ. ಕಿತ್ತಳೆ ಬಣ್ಣದ ಮತಪತ್ರವನ್ನು ಮೊದಲು ಅದರೊಳಗೆ ಹಾಕಿದವರು ಅಧ್ಯಕ್ಷ ಷಿ ಜಿನ್‌ಪಿಂಗ್. ಎಣಿಕೆ ಮುಗಿದಾಗ ಪರವಾಗಿ 2,958 ಮತ, ವಿರುದ್ಧ 2, ತಟಸ್ಥ 3, ಅಸಿಂಧು 1.

ಆ ದಿನ ಅಳಿಸಿಹೋದದ್ದು 79ನೇ ವಿಧಿಯ ಒಂದು ವಾಕ್ಯದ ಕೊನೆಯ ತುಂಡು. ದೇಶದ ಅಧ್ಯಕ್ಷ ಮತ್ತು ಉಪಾಧ್ಯಕ್ಷರು ಸತತ ಎರಡು ಅವಧಿಗಿಂತ ಹೆಚ್ಚು ಕಾಲ ಅಧಿಕಾರದಲ್ಲಿ ಇರುವಂತಿಲ್ಲ ಎಂದು ಅದು ಹೇಳುತ್ತಿತ್ತು. 1982ರ ಡಿಸೆಂಬರ್‌ನಿಂದ ಅದು ಸಂವಿಧಾನದಲ್ಲಿತ್ತು. ತೆಗೆಯಬೇಕೆಂಬ ಪ್ರಸ್ತಾವ ಜನರ ಕಣ್ಣಿಗೆ ಬಿದ್ದದ್ದು 2018ರ ಫೆಬ್ರುವರಿ 25ರಂದು. ಮೂವತ್ತೈದು ವರ್ಷ ನಿಂತಿದ್ದ ನಿಯಮಕ್ಕೆ ಅಲ್ಲಿಂದ ಉಳಿದದ್ದು ಹದಿನಾಲ್ಕೇ ದಿನ.

ಈ ಪ್ರಕರಣವನ್ನು ಬಹಳ ಮಂದಿ ಒಬ್ಬ ವ್ಯಕ್ತಿಯ ಅಧಿಕಾರದಾಹದ ಕಥೆಯಾಗಿ ಹೇಳುತ್ತಾರೆ. ದಾಹ ಇತ್ತು, ಸಂಶಯವಿಲ್ಲ. ಆದರೆ ದಾಹ ಇದ್ದವರಿಗೆಲ್ಲ ಗದ್ದುಗೆ ಸಿಗುವುದಿಲ್ಲ. ಆ ನಿಯಮವನ್ನು ಕಾಯಬೇಕಾಗಿದ್ದವರು ಯಾರು, 2018ರ ಹೊತ್ತಿಗೆ ಅವರೆಲ್ಲ ಎಲ್ಲಿಗೆ ಹೋಗಿದ್ದರು ಎಂಬುದನ್ನು ಬಿಡಿಸಿ ನೋಡಿದರೆ ಮಾತ್ರ ಆ 2,958 ಮತಗಳು ಅರ್ಥವಾಗುತ್ತವೆ. ಮಿತಿಯನ್ನು ಹುಟ್ಟಿಸಿದಾಗಲೇ ಅದರ ಬುಡ ಟೊಳ್ಳಾಗಿತ್ತು, 2012ರಿಂದ 2017ರ ನಡುವೆ ಅದರ ಸುತ್ತಲಿನ ಆಸರೆಗಳೂ ಒಂದೊಂದಾಗಿ ಹೋದವು, ಮೊದಲ ಆಸರೆಗಳನ್ನು ಕಿತ್ತುಕೊಟ್ಟವರು ಪಕ್ಷದ ಹಿರಿಯರೇ ಎಂಬುದು ನನ್ನ ತೀರ್ಮಾನ.

ಮೂರು ಕುರ್ಚಿ, ಒಂದಕ್ಕೆ ಮಾತ್ರ ಮಿತಿ

ಚೀನಾದ ಅಧ್ಯಕ್ಷ ಸ್ಥಾನ ಕಾಗದದ ಮೇಲೆ ಹೆಚ್ಚುಕಡಿಮೆ ನಮ್ಮ ರಾಷ್ಟ್ರಪತಿ ಸ್ಥಾನದಂಥದ್ದು. ವಿದೇಶಿ ಗಣ್ಯರನ್ನು ಬರಮಾಡಿಕೊಳ್ಳುವುದು, ಸಂಸತ್ತು ಒಪ್ಪಿದ ಕಾನೂನುಗಳನ್ನು ಜಾರಿಗೆ ಹೊರಡಿಸುವುದು, ಇಂಥ ಕೆಲಸಗಳು. ನಿಜವಾದ ಅಧಿಕಾರ ಇರುವುದು ಬೇರೆ ಎರಡು ಕುರ್ಚಿಗಳಲ್ಲಿ. ಒಂದು, ಸುಮಾರು ಹತ್ತು ಕೋಟಿ ಸದಸ್ಯರ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಯ ಕುರ್ಚಿ. ಇನ್ನೊಂದು, ಕೇಂದ್ರ ಮಿಲಿಟರಿ ಆಯೋಗದ ಅಧ್ಯಕ್ಷರದು. ಸೇನೆ ಆಯೋಗದ ಮಾತು ಕೇಳುತ್ತದೆ, ಆಯೋಗ ಪಕ್ಷದ ಮಾತು ಕೇಳುತ್ತದೆ. ಈ ಎರಡಕ್ಕೂ ಎಷ್ಟು ಅವಧಿ ಎಂಬ ಮಿತಿ ಎಂದೂ ಇರಲಿಲ್ಲ.

ಅಧಿಕಾರವೇ ಇಲ್ಲದ ಕುರ್ಚಿಗೆ ಮಿತಿ ಹಾಕಿ, ಅಧಿಕಾರವಿರುವ ಎರಡನ್ನು ತೆರೆದೇ ಬಿಟ್ಟದ್ದು ಏಕೆ ಎಂಬುದಕ್ಕೆ ಆ ಸ್ಥಾನದ ಇತಿಹಾಸ ನೋಡಬೇಕು. ಅಧ್ಯಕ್ಷರಾಗಿದ್ದ ಲಿಯು ಶಾವೊಚಿ ಅವರನ್ನು ಸಾಂಸ್ಕೃತಿಕ ಕ್ರಾಂತಿಯ ಹೊತ್ತಿನಲ್ಲಿ ಮಾವೊ ಕಿತ್ತೊಗೆದರು. ಲಿಯು 1969ರಲ್ಲಿ ಕೈಫೆಂಗ್ ನಗರದಲ್ಲಿ, ಬಂಧನದಲ್ಲೇ, ಸರಿಯಾದ ಚಿಕಿತ್ಸೆಯಿಲ್ಲದೆ ಸತ್ತರು. 1975ರ ಸಂವಿಧಾನದಲ್ಲಿ ಆ ಸ್ಥಾನವನ್ನೇ ತೆಗೆದುಹಾಕಲಾಯಿತು. 1982ರಲ್ಲಿ ಅದು ಮರಳಿ ಬಂದಾಗ ಗೌರವದ ಸ್ಥಾನವಾಗಿ ಬಂತು. ಮೊದಲು ಕುಳಿತ ಲಿ ಷಿಯಾನ್ನಿಯಾನ್, ಆಮೇಲಿನ ಯಾಂಗ್ ಶಾಂಗ್‌ಕುನ್ ಇಬ್ಬರೂ ಒಂದೊಂದೇ ಅವಧಿ ಮುಗಿಸಿ ಎದ್ದರು. ಇಬ್ಬರೂ ಪಕ್ಷದ ಪ್ರಧಾನ ಕಾರ್ಯದರ್ಶಿಗಳಾಗಿರಲಿಲ್ಲ.

ಚಿತ್ರ ಬದಲಾದದ್ದು 1989ರ ತಿಯಾನನ್ಮೆನ್ ರಕ್ತಪಾತದ ನಂತರ. ಪಕ್ಷ ಒಬ್ಬರ ಕೈಯಲ್ಲಿ, ಸೇನೆ ಇನ್ನೊಬ್ಬರ ಕೈಯಲ್ಲಿ ಇದ್ದರೆ ಬಿಕ್ಕಟ್ಟು ಬಂದಾಗ ಮೇಲ್ಮಟ್ಟದಲ್ಲೇ ಒಡಕು ಮೂಡುತ್ತದೆ ಎಂಬ ಪಾಠವನ್ನು ನಾಯಕರು ಕಲಿತರು. 1993ರಲ್ಲಿ ಜಿಯಾಂಗ್ ಜೆಮಿನ್ ಮೂರೂ ಕುರ್ಚಿಗಳಲ್ಲಿ ಕುಳಿತರು. ಅಲ್ಲಿಂದ ಮೂರನ್ನೂ ಒಬ್ಬರೇ ಹಿಡಿಯುವುದು ರೂಢಿಯಾಯಿತು. ಅಧ್ಯಕ್ಷ ಸ್ಥಾನದ ಹತ್ತು ವರ್ಷದ ಮಿತಿ, ಕಾಗದದ ಮೇಲೆ ಎಲ್ಲೂ ಬರೆಯದೆಯೇ ಉಳಿದೆರಡಕ್ಕೂ ಅನ್ವಯಿಸುವಂತೆ ಕಾಣತೊಡಗಿತು. ಜಿಯಾಂಗ್ ನಂತರ ಬಂದ ಹು ಜಿಂಟಾವೊ ಅದರಂತೆ ನಡೆದುಕೊಂಡಾಗ ಹೊರಗಿನ ವಿಶ್ಲೇಷಕರು ಚೀನಾದಲ್ಲಿ ಅಧಿಕಾರ ಹಸ್ತಾಂತರ ಇನ್ನು ಗಟ್ಟಿಯಾದ ಸಂಸ್ಥೆಯಾಯಿತು ಎಂದು ಬರೆದರು. ಒಂದು ಸಲ ಸರಿಯಾಗಿ ನಡೆದದ್ದನ್ನು ಕಟ್ಟಳೆ ಎಂದು ಎಣಿಸಿಬಿಟ್ಟರು.

ನಿಯಮ ಮಾಡಿದವರೇ ನಿಯಮದ ಹೊರಗೆ

ಮಿತಿಯ ಹಿಂದಿದ್ದ ಚಿಂತನೆ ಮಾವೊ ನಂತರ ದೇಶ ನಡೆಸಿದ ಡೆಂಗ್ ಷಿಯಾವೊಪಿಂಗ್ ಅವರದು. 1980ರ ಆಗಸ್ಟ್ 18ರಂದು ಪಕ್ಷದ ಹಿರಿಯ ನಾಯಕರ ಕೂಟವಾದ ಪಾಲಿಟ್‌ಬ್ಯೂರೊದ ವಿಸ್ತೃತ ಸಭೆಯಲ್ಲಿ ಅವರು ಮಾಡಿದ ಭಾಷಣ ಪಕ್ಷದ ಇತಿಹಾಸದಲ್ಲೇ ಅತ್ಯಂತ ನೇರವಾದ ಆತ್ಮಪರೀಕ್ಷೆ. ಅಧಿಕಾರ ಒಬ್ಬರ ಕೈಯಲ್ಲಿ ಗುಡ್ಡೆಯಾಗುವುದು, ಸಾಯುವವರೆಗೂ ಹುದ್ದೆಯಲ್ಲಿ ಇರುವುದು, ಯಜಮಾನಿಕೆಯ ಧೋರಣೆ, ಇವೆಲ್ಲ ವ್ಯವಸ್ಥೆಯ ರೋಗಗಳು ಎಂದು ಅವರು ಹೆಸರಿಟ್ಟು ಹೇಳಿದರು. 1982ರ ಪಕ್ಷದ ಸಂವಿಧಾನ ವ್ಯಕ್ತಿಪೂಜೆಯನ್ನು ನಿಷೇಧಿಸಿತು. ಹಿರಿಯರು ಗೌರವದಿಂದ ಪಕ್ಕಕ್ಕೆ ಸರಿಯಲೆಂದು ಕೇಂದ್ರ ಸಲಹಾ ಆಯೋಗ ಎಂಬುದೊಂದು ಹುಟ್ಟಿಕೊಂಡಿತು.

ಆದರೆ ಅದೇ ಡೆಂಗ್ ಆ ಕಾಲದಲ್ಲಿ ಅಧ್ಯಕ್ಷರಾಗಲಿಲ್ಲ, ಪ್ರಧಾನ ಕಾರ್ಯದರ್ಶಿಯೂ ಆಗಲಿಲ್ಲ. ಮುಖ್ಯವಾಗಿ ಮಿಲಿಟರಿ ಆಯೋಗವನ್ನು ಕೈಯಲ್ಲಿಟ್ಟುಕೊಂಡು ದೇಶ ನಡೆಸಿದರು. 1987ರಲ್ಲಿ ಪ್ರಧಾನ ಕಾರ್ಯದರ್ಶಿ ಹು ಯಾವೊಬಾಂಗ್ ಹುದ್ದೆ ಕಳೆದುಕೊಂಡದ್ದು ಹಿರಿಯರ ಒತ್ತಡದಿಂದ. 1989ರ ಮೇ 16ರಂದು ಅವರ ನಂತರದ ಝಾವೊ ಜಿಯಾಂಗ್, ಸೋವಿಯತ್ ನಾಯಕ ಗೋರ್ಬಚೆವ್ ಅವರ ಎದುರು, ಟಿ.ವಿ. ಕ್ಯಾಮೆರಾಗಳ ಮುಂದೆ ಒಂದು ಸಂಗತಿ ಹೇಳಿಬಿಟ್ಟರು: ದೊಡ್ಡ ವಿಚಾರಗಳಲ್ಲಿ ಈಗಲೂ ಡೆಂಗ್ ಅವರ ಮಾತೇ ಅಂತಿಮ, ಹಾಗೆಂದು 1987ರಲ್ಲೇ ಪಕ್ಷದ ಕೇಂದ್ರ ಸಮಿತಿ ತೀರ್ಮಾನಿಸಿದೆ ಎಂದು. ಕೆಲವೇ ವಾರಗಳಲ್ಲಿ ಝಾವೊ ಹುದ್ದೆಯಿಂದ ಇಳಿದು ಗೃಹಬಂಧನ ಸೇರಿದರು. 2005ರಲ್ಲಿ ಸಾಯುವವರೆಗೂ ಹೊರಬರಲಿಲ್ಲ. ನಿಯಮದ ಪ್ರಕಾರ ದೇಶದ ಅತ್ಯುನ್ನತ ಪಕ್ಷ ಹುದ್ದೆಯಲ್ಲಿದ್ದವರ ಗತಿ ಅದು.

ವಯಸ್ಸಿನ ಕಟ್ಟಳೆಯ ಕಥೆಯೂ ಬೇರೆಯಲ್ಲ. 1997ರಲ್ಲಿ ಎಪ್ಪತ್ತು ದಾಟಿದವರು ನಿವೃತ್ತರಾಗಬೇಕೆಂಬ ಮಾತು ಬಂತು. ಅದರ ಹೆಸರಿನಲ್ಲಿ 72ರ ಹಿರಿಯ ನಾಯಕ ಚಿಯಾವೊ ಶಿ ಮನೆಗೆ ಹೋದರು. 71ರ ಜಿಯಾಂಗ್ ಉಳಿದರು. 2002ರಲ್ಲಿ ಗೆರೆ 68ಕ್ಕೆ ಇಳಿಯಿತು, ಆಗ ಸರಿಯಾಗಿ 68 ಆಗಿದ್ದ ಲಿ ರುಯಿಹುವಾನ್ ಹೊರಬಿದ್ದರು. ಜಿಯಾಂಗ್ ತಾವೇ ಪ್ರಧಾನ ಕಾರ್ಯದರ್ಶಿ ಸ್ಥಾನ ಬಿಟ್ಟ ಮೇಲೂ ಪಕ್ಷದ ಮಿಲಿಟರಿ ಆಯೋಗವನ್ನು 2004ರ ಸೆಪ್ಟೆಂಬರ್‌ವರೆಗೆ ಹಿಡಿದುಕೊಂಡೇ ಇದ್ದರು. ಎದುರಾಳಿಯನ್ನು ಕಳಿಸಲು ನಿಯಮ, ತನಗೆ ಬಂದಾಗ ವಿನಾಯಿತಿ. ಷಿ ಈ ಶಾಲೆಯಲ್ಲೇ ಬೆಳೆದವರು.

ಬೆಳೆದ ದಾರಿಯೂ ಗಮನಿಸುವಂಥದ್ದೇ. ತಂದೆ ಷಿ ಝೊಂಗ್‌ಷುನ್ ಉಪಪ್ರಧಾನಿಯಾಗಿದ್ದವರು, 1962ರಲ್ಲಿ ಮಾವೊ ಕಾಲದ ಶುದ್ಧೀಕರಣಕ್ಕೆ ಸಿಕ್ಕು ಹದಿನಾರು ವರ್ಷ ಮೂಲೆಗುಂಪಾದರು. ಮಗನನ್ನು ಹದಿನೈದರ ವಯಸ್ಸಿನಲ್ಲಿ, 1969ರಲ್ಲಿ, ಶಾನ್ಷಿ ಪ್ರಾಂತ್ಯದ ಲಿಯಾಂಗ್‌ಜಿಯಾಹೆ ಎಂಬ ಹಳ್ಳಿಗೆ ಕಳಿಸಲಾಯಿತು. ಹಳದಿ ಮಣ್ಣಿನ ಗುಡ್ಡ ಕೊರೆದು ಮಾಡಿದ ಗವಿಮನೆಗಳಲ್ಲಿ ಏಳು ವರ್ಷದ ವಾಸ. ಆಮೇಲೆ ಚಿಂಗ್ಹುವಾ ವಿಶ್ವವಿದ್ಯಾಲಯ, ಸೇನೆಯ ಹಿರಿಯ ನಾಯಕರೊಬ್ಬರ ಕಾರ್ಯದರ್ಶಿ ಕೆಲಸ, ಹೆಬೆಯ ಝೆಂಗ್ಡಿಂಗ್ ಕೌಂಟಿ, ಫುಜಿಯಾನ್‌ನಲ್ಲಿ ಹದಿನೇಳು ವರ್ಷ, ಝೆಜಿಯಾಂಗ್‌ನಲ್ಲಿ ಐದು. 1997ರಲ್ಲಿ ಕೇಂದ್ರ ಸಮಿತಿಯ ಪರ್ಯಾಯ ಸದಸ್ಯರ ಆಯ್ಕೆ ನಡೆದಾಗ 151 ಜನರ ಪಟ್ಟಿಯಲ್ಲಿ ಅತಿ ಕಡಿಮೆ ಮತ ಪಡೆದು ಕೊನೆಯವರಾಗಿ ಬಂದವರು ಇದೇ ಷಿ. ದೊಡ್ಡ ಮನೆತನದ ಮಕ್ಕಳ ಬಗ್ಗೆ ಪಕ್ಷದೊಳಗೆ ಆಗ ಅಷ್ಟು ಅಸಹನೆ ಇತ್ತು. 2007ರಲ್ಲಿ ಅವರು ಉತ್ತರಾಧಿಕಾರಿ ಸ್ಥಾನಕ್ಕೆ ಬಂದದ್ದು ಎಲ್ಲ ಬಣಗಳಿಗೂ ಒಪ್ಪಿಗೆಯಾಗುವ, ಯಾರಿಗೂ ಬೆದರಿಕೆಯಾಗದ ಮನುಷ್ಯ ಎಂಬ ಲೆಕ್ಕಾಚಾರದಿಂದ.

2012ರ ಭಯ

ಈ ಪ್ರಕರಣದ ನಿಜವಾದ ತಿರುವು ನನ್ನ ದೃಷ್ಟಿಯಲ್ಲಿ 2018ರದಲ್ಲ, 2012ರದು. ಹು ಜಿಂಟಾವೊ ಕಾಲದಲ್ಲಿ ಪಾಲಿಟ್‌ಬ್ಯೂರೊ ಸ್ಥಾಯಿ ಸಮಿತಿಯ, ಎಂದರೆ ಪಕ್ಷದ ಅತ್ಯುನ್ನತ ಕೂಟದ, ಒಂಬತ್ತು ಮಂದಿ ಒಬ್ಬೊಬ್ಬರೂ ತಮ್ಮ ಖಾತೆಗೆ ತಾವೇ ದೊರೆ. ಪೊಲೀಸು, ನ್ಯಾಯಾಲಯ, ಗುಪ್ತಚರ ಎಲ್ಲವೂ ಝೌ ಯಾಂಗ್‌ಕಾಂಗ್ ಹಿಡಿತದಲ್ಲಿ. 2011ರ ಬಜೆಟ್‌ನಲ್ಲಿ ಆಂತರಿಕ ಭದ್ರತೆಯ ಖರ್ಚು ಸೇನೆಯ ಖರ್ಚನ್ನೂ ಮೀರಿತ್ತು. ಸೇನೆಯಲ್ಲಿ ಬಡ್ತಿಗೆ ದುಡ್ಡು ನಡೆಯುತ್ತಿತ್ತು. ಸಾಮೂಹಿಕ ನಾಯಕತ್ವ ಎಂದು ಹೊಗಳಿಸಿಕೊಂಡದ್ದು ಒಳಗೆ ಪಾಳೆಯಗಾರಿಕೆಯಾಗಿತ್ತು.

ಆ ಹೊತ್ತಿಗೆ ಚೊಂಗ್‌ಚಿಂಗ್ ಮಹಾನಗರದ ಪಕ್ಷ ಕಾರ್ಯದರ್ಶಿ ಬೊ ಷಿಲಾಯ್ ದೇಶದ ಗಮನ ಸೆಳೆದಿದ್ದರು. ಇವರೂ ಷಿ ಅವರಂತೆಯೇ ಕ್ರಾಂತಿಯ ಹಿರಿಯರೊಬ್ಬರ ಮಗ. ಕೆಂಪು ಹಾಡುಗಳನ್ನು ಬೀದಿಬೀದಿಯಲ್ಲಿ ಹಾಡಿಸುವುದು, ಮಾಫಿಯಾ ಬೇಟೆಯ ಹೆಸರಿನಲ್ಲಿ ಎದುರಾಳಿಗಳನ್ನೂ ಒಳಗೆ ಹಾಕಿಸುವುದು, ಬಡವರಿಗೆ ಮನೆ ಕಟ್ಟಿಸುವುದು, ಹೀಗೆ ಅವರದೇ ಒಂದು ಮಾದರಿ. ಬೀಜಿಂಗ್ ನಾಯಕರು ಒಬ್ಬೊಬ್ಬರಾಗಿ ಹೋಗಿ ಬೆನ್ನು ತಟ್ಟಿ ಬಂದರು, 2010ರ ಡಿಸೆಂಬರ್‌ನಲ್ಲಿ ಷಿ ಕೂಡ.

2011ರ ನವೆಂಬರ್‌ನಲ್ಲಿ ಬ್ರಿಟಿಷ್ ವ್ಯಾಪಾರಿ ನೀಲ್ ಹೇವುಡ್ ಚೊಂಗ್‌ಚಿಂಗ್‌ನ ಹೋಟೆಲೊಂದರಲ್ಲಿ ಸತ್ತರು. 2012ರ ಜನವರಿ ಕೊನೆಯಲ್ಲಿ ಪೊಲೀಸ್ ಮುಖ್ಯಸ್ಥ ವಾಂಗ್ ಲಿಜುನ್, ಕೊಲೆಯ ಶಂಕೆ ನಿಮ್ಮ ಹೆಂಡತಿ ಗು ಕಾಯ್‌ಲಾಯ್ ಮೇಲಿದೆ ಎಂದು ಬೊಗೆ ತಿಳಿಸಿದರು. ಮರುದಿನ ಬೊ, ವಾಂಗ್ ಅವರ ಕಪಾಳಕ್ಕೆ ಹೊಡೆದರು. ಮುಂದೆ ನ್ಯಾಯಾಲಯದಲ್ಲಿ ಬೊ ಇದನ್ನು ಒಪ್ಪಿಕೊಂಡರು, ವಾಂಗ್ ಮಾತ್ರ ಅದು ಕಪಾಳಮೋಕ್ಷವಲ್ಲ, ಮುಷ್ಟಿಯ ಗುದ್ದು ಎಂದರು. ಹುದ್ದೆ ಕಳೆದುಕೊಂಡ ವಾಂಗ್, ಫೆಬ್ರುವರಿ 6ರಂದು ಕಾರು ಹತ್ತಿ ಚೆಂಗ್ಡು ನಗರದ ಅಮೆರಿಕನ್ ದೂತಾವಾಸದೊಳಗೆ ಹೋಗಿ ಕುಳಿತರು. ಒಂದು ದಿನಕ್ಕೂ ಹೆಚ್ಚು ಕಾಲ ಹೊರಬರಲಿಲ್ಲ. ಚೊಂಗ್‌ಚಿಂಗ್ ಪೊಲೀಸ್ ವಾಹನಗಳು ಹೊರಗೆ ನೆರೆದವು. ಕೊನೆಗೆ ಬೀಜಿಂಗ್‌ನಿಂದ ಬಂದ ರಾಜ್ಯ ಭದ್ರತಾ ಅಧಿಕಾರಿಗಳ ಕೈಗೆ ತಮ್ಮನ್ನು ಒಪ್ಪಿಸಿಕೊಂಡರು.

ಪಕ್ಷಕ್ಕೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನು ಬೇಕು? ಮೂರು ಕೋಟಿ ಜನಸಂಖ್ಯೆಯ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದವ ಸ್ವಂತ ಪಕ್ಷಕ್ಕೆ ಹೆದರಿ ಅಮೆರಿಕನ್ನರ ಬಾಗಿಲು ತಟ್ಟಿದ. ಮಾರ್ಚ್ 14ರಂದು ಪ್ರಧಾನಿ ವೆನ್ ಜಿಯಾಬಾವೊ, ರಾಜಕೀಯ ಸುಧಾರಣೆ ಆಗದಿದ್ದರೆ ಸಾಂಸ್ಕೃತಿಕ ಕ್ರಾಂತಿಯಂಥ ದುರಂತ ಮರುಕಳಿಸಬಹುದು ಎಂದು ಪತ್ರಿಕಾಗೋಷ್ಠಿಯಲ್ಲಿ ಎಚ್ಚರಿಸಿದರು. ಮರುದಿನ ಬೊ ವಜಾ. ಮೂರೇ ದಿನಕ್ಕೆ, ಮಾರ್ಚ್ 18ರ ನಸುಕಿನಲ್ಲಿ, ಹು ಜಿಂಟಾವೊ ಅವರ ಬಲಗೈ ಲಿಂಗ್ ಜಿಹುವಾ ಅವರ ಮಗ ಬೀಜಿಂಗ್ ರಸ್ತೆಯಲ್ಲಿ ಫೆರಾರಿ ಕಾರು ಅಪಘಾತದಲ್ಲಿ ಸತ್ತ. ಅದನ್ನು ಮುಚ್ಚಿಡಲು ಹೋದದ್ದು ಹು ಬಣದ ಕುತ್ತಿಗೆಗೇ ಬಂತು. ಸೆಪ್ಟೆಂಬರ್‌ನಲ್ಲಿ ಲಿಂಗ್ ಕಡಿಮೆ ತೂಕದ ಹುದ್ದೆಗೆ ಸರಿದರು.

ನವೆಂಬರ್‌ನ 18ನೇ ಮಹಾಧಿವೇಶನದ (ಐದು ವರ್ಷಕ್ಕೊಮ್ಮೆ ಸೇರುವ ಪಕ್ಷದ ಮಹಾಸಭೆ) ಹೊತ್ತಿಗೆ ಒಂದು ಬಣದ ತಾರೆ ಜೈಲಿನ ದಾರಿಯಲ್ಲಿ, ಇನ್ನೊಂದು ಬಣದ ಸೂತ್ರಧಾರ ಮೂಲೆಯಲ್ಲಿ. ಅರಬ್ ದೇಶಗಳಲ್ಲಿ ಸರ್ಕಾರಗಳು ಉರುಳಿದ್ದನ್ನು, ಅದಕ್ಕೂ ಮೊದಲು ಸೋವಿಯತ್ ಒಕ್ಕೂಟ ಚೂರಾದದ್ದನ್ನು ನೋಡಿದ್ದ ಹಿರಿಯರಿಗೆ ಈಗ ಬೇಕಾಗಿದ್ದದ್ದು ಗಟ್ಟಿ ಕೈ. ಅದನ್ನು ಅವರು ಧಾರಾಳವಾಗಿಯೇ ಕೊಟ್ಟರು. ಸ್ಥಾಯಿ ಸಮಿತಿ ಒಂಬತ್ತರಿಂದ ಏಳಕ್ಕೆ ಇಳಿಯಿತು. ಪೊಲೀಸ್ ಖಾತೆಯವರಿಗೆ ಅಲ್ಲಿದ್ದ ಕುರ್ಚಿ ಹೋಯಿತು. ಹು ಜಿಂಟಾವೊ ಮಿಲಿಟರಿ ಆಯೋಗವನ್ನೂ ಅದೇ ದಿನ ಬಿಟ್ಟುಕೊಟ್ಟರು. ಜಿಯಾಂಗ್ ಹು ಅವರ ಬೆನ್ನ ಮೇಲೆ ಎರಡು ವರ್ಷ ಕುಳಿತಿದ್ದಂತೆ ಷಿ ಬೆನ್ನ ಮೇಲೆ ಯಾರೂ ಕೂರಲಿಲ್ಲ. ಹು ಅವರ ಈ ನಡೆಯನ್ನು ಎಲ್ಲರೂ ದೊಡ್ಡತನ ಎಂದು ಕೊಂಡಾಡಿದರು. ದೊಡ್ಡತನವೇ ಹೌದು. ಹೊಸ ನಾಯಕನನ್ನು ತಡೆದು ನಿಲ್ಲಿಸಬಲ್ಲ ಕೊನೆಯ ಸಂಪ್ರದಾಯವೂ ಅದೇ ದಿನ ಹೋಯಿತು.

ಭ್ರಷ್ಟರ ಬೇಟೆ

ಕೈಗೆ ಬಂದ ಅಧಿಕಾರವನ್ನು ಷಿ ಬಳಸಿದ ಬಗೆಯಲ್ಲಿ ಅವಸರ ಇರಲಿಲ್ಲ. 2012ರ ಡಿಸೆಂಬರ್ 4ರಂದು ಎಂಟು ಅಂಶಗಳ ನಿಯಮ ಬಂತು: ಅಧಿಕಾರಿಗಳ ಔತಣಕೂಟ, ಕೆಂಪುಗಂಬಳಿ, ಬೆಂಗಾವಲು, ಉದ್ದುದ್ದ ಸಭೆಗಳಿಗೆ ಕಡಿವಾಣ. ಜನರಿಗೆ ಖುಷಿಯಾಯಿತು. ಮುಂದಿನ ತಿಂಗಳು, ಹುಲಿಗಳನ್ನೂ ನೊಣಗಳನ್ನೂ ಒಟ್ಟಿಗೆ ಹೊಡೆಯುತ್ತೇವೆ ಎಂಬ ಘೋಷಣೆ. ಶಿಸ್ತು ತಪಾಸಣಾ ಆಯೋಗದ ಹೊಣೆ ಹಳೆಯ ಗೆಳೆಯ ವಾಂಗ್ ಚಿಶಾನ್ ಅವರಿಗೆ. ಆಯೋಗದ ಅಧಿಕಾರಿಗಳು ಪಕ್ಷದ ಸದಸ್ಯರನ್ನು ನ್ಯಾಯಾಲಯದ ಆದೇಶವಿಲ್ಲದೆ, ವಕೀಲರಿಲ್ಲದೆ, ತಾವು ಹೇಳಿದ ಜಾಗದಲ್ಲಿ ತಿಂಗಳುಗಟ್ಟಲೆ ಇರಿಸಿಕೊಂಡು ವಿಚಾರಿಸಬಹುದಾಗಿತ್ತು. ಕೇಂದ್ರದ ತಪಾಸಣಾ ತಂಡಗಳು ಪ್ರಾಂತ್ಯಗಳಿಗೆ ಹೋಗಿ ಕೂತರೆ ಅಲ್ಲಿನವರ ಎದೆ ನಡುಗುತ್ತಿತ್ತು.

ಭ್ರಷ್ಟಾಚಾರ ನಿಜವಾಗಿಯೇ ಇತ್ತು ಎಂಬುದನ್ನು ಮರೆಯಬಾರದು. ಜಮೀನು ಕಳೆದುಕೊಂಡ ರೈತನಿಗೂ, ಮಗನನ್ನು ಒಳ್ಳೆಯ ಶಾಲೆಗೆ ಸೇರಿಸಲು ಕವರ್ ಕೊಡಬೇಕಾದ ತಾಯಿಗೂ ಈ ಬೇಟೆ ನ್ಯಾಯವಾಗಿಯೇ ಕಂಡಿತು. ಷಿ ಅವರ ಜನಪ್ರಿಯತೆ ಬರೀ ಪ್ರಚಾರದ ಫಲವೆಂದು ತಳ್ಳಿಹಾಕುವವರು ಈ ನೋವನ್ನು ನೋಡಿಲ್ಲ. ಆದರೆ ಎಲ್ಲರ ಕೈಯೂ ಕೊಳೆಯಾಗಿರುವ ಕಡೆ ಯಾರ ಕೈಯನ್ನು ಮೊದಲು ತೆರೆಸಿ ನೋಡಬೇಕು ಎಂದು ತೀರ್ಮಾನಿಸುವವನೇ ದೊರೆ.

ಸ್ಥಾಯಿ ಸಮಿತಿಯಲ್ಲಿ ಇದ್ದವರನ್ನು ನಿವೃತ್ತಿಯ ಮೇಲೂ ಮುಟ್ಟುವಂತಿಲ್ಲ ಎಂಬ ಅಲಿಖಿತ ಒಪ್ಪಂದವಿತ್ತು. 2014ರ ಜುಲೈ 29ರಂದು ಝೌ ಯಾಂಗ್‌ಕಾಂಗ್ ಮೇಲಿನ ತನಿಖೆ ಪ್ರಕಟವಾದಾಗ ಅದು ಮುರಿಯಿತು. ಮರುವರ್ಷ ಅವರಿಗೆ ಜೀವಾವಧಿ. ಮಿಲಿಟರಿ ಆಯೋಗದ ಮಾಜಿ ಉಪಾಧ್ಯಕ್ಷ ಷು ಸಾಯ್‌ಹೌ 2014ರಲ್ಲಿ ಪಕ್ಷದಿಂದ ಹೊರಬಿದ್ದು ವಿಚಾರಣೆಗೆ ಮೊದಲೇ ಕ್ಯಾನ್ಸರ್‌ನಿಂದ ಸತ್ತರು. ಇನ್ನೊಬ್ಬ ಮಾಜಿ ಉಪಾಧ್ಯಕ್ಷ ಗುವೊ ಬೋಷಿಯಾಂಗ್, ಲಿಂಗ್ ಜಿಹುವಾ ಇಬ್ಬರಿಗೂ 2016ರಲ್ಲಿ ಜೀವಾವಧಿ. ಬೊ ಷಿಲಾಯ್ 2013ರಲ್ಲೇ ಜೀವಾವಧಿಗೆ ಹೋಗಿದ್ದರು. ಐದು ವರ್ಷದಲ್ಲಿ ಶಿಸ್ತುಕ್ರಮ ಎದುರಿಸಿದವರು 15 ಲಕ್ಷಕ್ಕೂ ಹೆಚ್ಚು. ಕೇಂದ್ರ ಸಮಿತಿಯ ಪೂರ್ಣ ಮತ್ತು ಪರ್ಯಾಯ ಸದಸ್ಯರೇ 43 ಮಂದಿ.

ಇದರ ಜೊತೆಜೊತೆಗೆ ಆಡಳಿತದ ನಕ್ಷೆಯೂ ಬದಲಾಗುತ್ತಿತ್ತು. ಆರ್ಥಿಕ ಸುಧಾರಣೆ ಪ್ರಧಾನಿಯ ಖಾತೆ ಎಂಬ ರೂಢಿ ಹೋಗಿ, ಷಿ ತಾವೇ ಅಧ್ಯಕ್ಷರಾದ ಪಕ್ಷದ ಸಮಿತಿಗಳಿಗೆ ಅದು ಹೋಯಿತು. ಪ್ರಧಾನಿ ಲಿ ಕೆಚಿಯಾಂಗ್ ಹೆಸರಿಗೆ ಉಳಿದರು. ಸೇನೆಯ ನಾಲ್ಕು ಪ್ರಬಲ ಮಹಾ ಇಲಾಖೆಗಳನ್ನು 2016ರ ಜನವರಿಯಲ್ಲಿ ಒಡೆದು ಆಯೋಗದ ಕೆಳಗೆ ಹದಿನೈದು ತುಂಡು ಮಾಡಲಾಯಿತು. ಏಳು ಮಿಲಿಟರಿ ವಲಯಗಳು ಐದು ಸಮರ ಕಮಾಂಡ್‌ಗಳಾದವು. ಸೇನಾಧಿಕಾರಿಗಳು ಬೆಳೆಸಿಕೊಂಡಿದ್ದ ಹಳೆಯ ನಂಟುಗಳೆಲ್ಲ ಒಂದೇ ಏಟಿಗೆ ಕಡಿದವು. 2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸಮಿತಿ ಷಿ ಅವರನ್ನು ನಾಯಕತ್ವದ ತಿರುಳು ಎಂದು ಕರೆಯಿತು. ಹು ಜಿಂಟಾವೊಗೆ ಈ ಪಟ್ಟ ಸಿಕ್ಕಿರಲಿಲ್ಲ.

ಉತ್ತರಾಧಿಕಾರಿಯ ಪ್ರಶ್ನೆ ಬಗೆಹರಿದದ್ದು 2017ರ ಜುಲೈನಲ್ಲಿ. 2012ರಲ್ಲಿ ನಲವತ್ತೊಂಬತ್ತರ ಹರೆಯಕ್ಕೆ ಪಾಲಿಟ್‌ಬ್ಯೂರೊ ಸೇರಿದ್ದ ಇಬ್ಬರಲ್ಲಿ ಒಬ್ಬರು ಮುಂದಿನ ನಾಯಕರು ಎಂಬ ಲೆಕ್ಕವಿತ್ತು: ಸುನ್ ಝೆಂಗ್‌ಸಾಯ್, ಹು ಚುನ್‌ಹುವಾ. ಮಹಾಧಿವೇಶನಕ್ಕೆ ಮೂರೇ ತಿಂಗಳಿರುವಾಗ ಸುನ್ ಅವರನ್ನು ಚೊಂಗ್‌ಚಿಂಗ್ ಹುದ್ದೆಯಿಂದ ಎಳೆದು ತನಿಖೆಗೆ ಒಪ್ಪಿಸಲಾಯಿತು, ಮರುವರ್ಷ ಲಂಚದ ಆರೋಪದಲ್ಲಿ ಜೀವಾವಧಿ. ಹು ಚುನ್‌ಹುವಾ ಸ್ಥಾಯಿ ಸಮಿತಿಗೆ ಬರಲಿಲ್ಲ. ಅಕ್ಟೋಬರ್‌ನಲ್ಲಿ ಹೊಸ ಏಳು ಮಂದಿ ವೇದಿಕೆಗೆ ಬಂದಾಗ ಅವರಲ್ಲಿ ಮುಂದಿನ ಹತ್ತು ವರ್ಷ ಆಳುವ ವಯಸ್ಸಿನವರು ಒಬ್ಬರೂ ಇರಲಿಲ್ಲ. ಷಿ ಹೆಸರು ಹೊತ್ತ ಚಿಂತನೆ ಪಕ್ಷದ ಸಂವಿಧಾನ ಸೇರಿತು. ಆಗಲೇ ಯಾರಿಗಾದರೂ ಸಂದೇಹ ಉಳಿದಿದ್ದರೆ ಅದು ನಂಬಲು ಮನಸ್ಸಿಲ್ಲದ ಸಂದೇಹ ಅಷ್ಟೆ.

ಫೆಬ್ರುವರಿ 25ರಿಂದ ಮಾರ್ಚ್ 11

2018ರ ಜನವರಿ 18, 19ರಂದು ಕೇಂದ್ರ ಸಮಿತಿ ಸಂವಿಧಾನ ತಿದ್ದುಪಡಿಗೆಂದೇ ಸೇರಿತ್ತು. ಸಭೆಯ ಕೊನೆಗೆ ಹೊರಟ ಪ್ರಕಟಣೆಯಲ್ಲಿ ಅವಧಿ ಮಿತಿಯ ಸೊಲ್ಲೇ ಇಲ್ಲ. ಐದು ವಾರ ದೇಶಕ್ಕೆ ಏನೂ ಗೊತ್ತಾಗಲಿಲ್ಲ. ಫೆಬ್ರುವರಿ 25ರಂದು ಸರ್ಕಾರಿ ಸುದ್ದಿಸಂಸ್ಥೆ ಷಿನ್ಹುವಾ 21 ತಿದ್ದುಪಡಿಗಳ ಪಟ್ಟಿ ಬಿಡುಗಡೆ ಮಾಡಿದಾಗ ಈ ಅಂಶ ಅದರ ನಡುವೆ ಕೂತಿತ್ತು.

ಚೀನಾದ ಸಾಮಾಜಿಕ ಜಾಲತಾಣಗಳಲ್ಲಿ ಜನ ಮೊದಲು ನೆನೆದದ್ದು ಯುವಾನ್ ಷಿಕಾಯ್ ಅವರನ್ನು. ಗಣರಾಜ್ಯದ ಅಧ್ಯಕ್ಷರಾಗಿದ್ದು 1915ರ ಕೊನೆಯಲ್ಲಿ ತಮ್ಮನ್ನೇ ಚಕ್ರವರ್ತಿ ಎಂದು ಸಾರಿಕೊಂಡು, ಕೆಲವೇ ತಿಂಗಳಲ್ಲಿ ಕೆಳಗಿಳಿದವರು. ಆ ಹೆಸರನ್ನು ಹುಡುಕಿದರೆ ಸಿಗದಂತೆ ಮಾಡಲಾಯಿತು. ಪಟ್ಟಾಭಿಷೇಕ, ವಲಸೆ, ಒಪ್ಪುವುದಿಲ್ಲ ಎಂಬ ಅರ್ಥದ ಪದಗಳಿಗೂ ಅದೇ ಗತಿ. ಹಿರಿಯ ಪತ್ರಕರ್ತ ಲಿ ಡಾಟೊಂಗ್, ಬೀಜಿಂಗ್‌ನ ಪ್ರತಿನಿಧಿಗಳು ಇದರ ವಿರುದ್ಧ ಮತ ಹಾಕಬೇಕೆಂದು ಬಹಿರಂಗ ಪತ್ರ ಬರೆದರು. ಪತ್ರ ಹರಡಿದ ಕಡೆಯಲ್ಲೆಲ್ಲ ಅಳಿಸಲಾಯಿತು. ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಗೌರವ ಇರುವುದು ಆ ಪತ್ರಕ್ಕೆ. ಹೆಸರು ಹಾಕಿ, ತನ್ನ ಪ್ರತಿನಿಧಿಯನ್ನು ಪ್ರತಿನಿಧಿ ಎಂದೇ ನಂಬಿ, ಒಬ್ಬ ಪ್ರಜೆ ಬರೆದ ಪತ್ರ ಅದು.

ಸರ್ಕಾರ ಕೊಟ್ಟ ಸಮರ್ಥನೆ ಕೇಳಲು ಚೊಕ್ಕವಾಗಿತ್ತು. ಪ್ರಧಾನ ಕಾರ್ಯದರ್ಶಿಗೆ ಮಿತಿ ಇಲ್ಲ, ಮಿಲಿಟರಿ ಆಯೋಗದ ಅಧ್ಯಕ್ಷರಿಗೆ ಮಿತಿ ಇಲ್ಲ, ಆದ್ದರಿಂದ ದೇಶದ ಅಧ್ಯಕ್ಷರಿಗೂ ಬೇಡ, ಮೂರೂ ಒಂದೇ ಸಮ ಇರಲಿ ಎಂದು ಸಂಸತ್ತಿನ ವಕ್ತಾರ ಝಾಂಗ್ ಯೆಸುಯಿ ಮಾರ್ಚ್ 4ರಂದು ಹೇಳಿದರು. ಅವರು ಹೇಳಿದ ಸಂಗತಿ ಸುಳ್ಳಲ್ಲ. 1982ರವರು ಬಿಟ್ಟ ಬಿರುಕನ್ನೇ ಅವರು ತೋರಿಸಿದ್ದು. ಮೂರನ್ನೂ ಸಮ ಮಾಡಲು ಉಳಿದೆರಡಕ್ಕೂ ಹತ್ತು ವರ್ಷದ ಮಿತಿ ಹಾಕಬಹುದಿತ್ತಲ್ಲ ಎಂದು ಆ ಪತ್ರಿಕಾಗೋಷ್ಠಿಯಲ್ಲಿ ಕೇಳುವವರಿರಲಿಲ್ಲ. ಪಕ್ಷದ ಮುಖವಾಣಿ ಪೀಪಲ್ಸ್ ಡೈಲಿ ಪತ್ರಿಕೆ, ಇದರರ್ಥ ಜೀವನಪರ್ಯಂತ ಅಧಿಕಾರ ಎಂದಲ್ಲ ಎಂದು ಬರೆಯಿತು.

ಮತದಾನದಲ್ಲಿ 21 ತಿದ್ದುಪಡಿಗಳೂ ಒಂದೇ ಕಟ್ಟು. ಅವಧಿ ಮಿತಿಗೆ ಮಾತ್ರ ಬೇಡ ಎನ್ನುವ ದಾರಿ ಪ್ರತಿನಿಧಿಗಳಿಗೆ ಇರಲಿಲ್ಲ. ಆದರೂ ಇಬ್ಬರು ವಿರೋಧಿಸಿದರು. ಅವರು ಯಾರೆಂದು ಹೊರಗೆ ಬರಲಿಲ್ಲ. ಮಾರ್ಚ್ 17ರಂದು ಷಿ ಎರಡನೇ ಅವಧಿಗೆ ಆಯ್ಕೆಯಾದಾಗ ಪರ 2,970, ವಿರುದ್ಧ ಸೊನ್ನೆ. ಸ್ಥಾಯಿ ಸಮಿತಿಯಿಂದ ವಯಸ್ಸಿನ ನೆಪದಲ್ಲಿ ನಿವೃತ್ತರಾಗಿದ್ದ ವಾಂಗ್ ಚಿಶಾನ್ ಅಂದೇ ಉಪಾಧ್ಯಕ್ಷರಾಗಿ ಮರಳಿದರು. ಮಿತಿ ಹೋದದ್ದು ಅವರ ಕುರ್ಚಿಗೂ ಸೇರಿಯೇ.

ಮಿತಿ ಹೋದ ಮೇಲೆ

ನಾಯಕನಿಗೆ ಕೊನೆಯ ದಿನಾಂಕ ಇಲ್ಲದಿದ್ದರೆ ಆಡಳಿತದಲ್ಲಿ ಏನಾಗುತ್ತದೆ ಎಂಬುದಕ್ಕೆ 2022 ಒಂದೇ ವರ್ಷ ಸಾಕು. ಮಾರ್ಚ್ ಕೊನೆಯಿಂದ ಸುಮಾರು ಎರಡು ತಿಂಗಳು ಎರಡೂವರೆ ಕೋಟಿ ಜನರ ಶಾಂಘೈ ಕೋವಿಡ್ ಬಂದ್‌ಗೆ ಸಿಕ್ಕಿತು. ದೇಶದ ಅತ್ಯಂತ ಶ್ರೀಮಂತ ನಗರದಲ್ಲಿ ಜನ ತರಕಾರಿಗೆ ಪರದಾಡಿದರು, ಸೋಂಕಿತ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಇರಿಸಲಾಯಿತು. ಅಲ್ಲಿನ ಪಕ್ಷ ಕಾರ್ಯದರ್ಶಿ ಲಿ ಚಿಯಾಂಗ್, ಝೆಜಿಯಾಂಗ್ ದಿನಗಳಿಂದ ಷಿ ಅವರ ಜೊತೆಗಾರ. ಅಕ್ಟೋಬರ್‌ನಲ್ಲಿ ಅವರು ಸ್ಥಾಯಿ ಸಮಿತಿಯ ಎರಡನೇ ಸ್ಥಾನಕ್ಕೆ, ಮರುವರ್ಷ ಮಾರ್ಚ್‌ನಲ್ಲಿ ಪ್ರಧಾನಿ ಹುದ್ದೆಗೆ ಏರಿದರು. ಕೆಳಗಿನ ಅಧಿಕಾರಿಗಳು ಇದರಿಂದ ಕಲಿತ ಪಾಠವೇನು ಎಂದು ಬಿಡಿಸಿ ಹೇಳಬೇಕಿಲ್ಲ.

ನವೆಂಬರ್ 24ರಂದು ವಾಯವ್ಯದ ಉರುಂಚಿ ನಗರದ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು, ಅಧಿಕೃತ ಲೆಕ್ಕದಲ್ಲಿ ಹತ್ತು ಜನ ಸತ್ತರು. ಬಂದ್‌ನ ಅಡೆತಡೆಗಳಿಂದಲೇ ರಕ್ಷಣೆ ತಡವಾಯಿತು ಎಂದು ಜನ ಸಿಡಿದೆದ್ದರು. ಖಾಲಿ ಬಿಳಿ ಹಾಳೆ ಹಿಡಿದ ಯುವಜನ ಹಲವು ನಗರಗಳಲ್ಲಿ ಬೀದಿಗಿಳಿದರು. ಶಾಂಘೈನಲ್ಲಿ ಷಿ ಇಳಿಯಬೇಕು ಎಂಬ ಕೂಗೂ ಎದ್ದಿತು. ಡಿಸೆಂಬರ್ 7ರಂದು ಮೂರು ವರ್ಷದ ಶೂನ್ಯ ಕೋವಿಡ್ ನೀತಿಯನ್ನು ಬಹುತೇಕ ಒಮ್ಮೆಲೇ ಕೈಬಿಟ್ಟರು. ಚಳಿಗಾಲದ ನಡುವೆ, ವೃದ್ಧರಿಗೆ ಲಸಿಕೆ ಪೂರ್ತಿಯಾಗದೆ, ಹಳ್ಳಿ ಆಸ್ಪತ್ರೆಗಳಲ್ಲಿ ಔಷಧಿ ಇಲ್ಲದೆ. ಮುಂದಿನ ಒಂದು ತಿಂಗಳಲ್ಲಿ ಆಸ್ಪತ್ರೆಗಳಲ್ಲೇ ಸುಮಾರು 60 ಸಾವಿರ ಸಾವು ಎಂದು ಸರ್ಕಾರವೇ ಹೇಳಿತು. ಮನೆಯಲ್ಲಿ ಸತ್ತವರು ಆ ಲೆಕ್ಕದಲ್ಲಿಲ್ಲ. ನೀತಿ ತಪ್ಪಾಗುವುದು ಯಾವ ದೇಶದಲ್ಲೂ ಇದೆ. ಇಲ್ಲಿ ತಪ್ಪು ಎಂದು ಮೊದಲೇ ಹೇಳಬಲ್ಲವರು ಕೋಣೆಯೊಳಗೆ ಯಾರೂ ಉಳಿದಿರಲಿಲ್ಲ. ಅದರ ಬೆಲೆ ತೆತ್ತವರು ಹಳ್ಳಿಯ ಮುದುಕರು.

ಅದೇ ಅಕ್ಟೋಬರ್‌ನ 20ನೇ ಮಹಾಧಿವೇಶನದಲ್ಲಿ ವಯಸ್ಸಿನ ಕಟ್ಟಳೆಯೂ ಮುಗಿಯಿತು. 67ರ ಲಿ ಕೆಚಿಯಾಂಗ್, ಸ್ಥಾಯಿ ಸಮಿತಿಯ ಇನ್ನೊಬ್ಬ ಸದಸ್ಯ 67ರ ವಾಂಗ್ ಯಾಂಗ್ ನಿವೃತ್ತರಾದರು. 69ರ ಷಿ ಮೂರನೇ ಅವಧಿಗೆ ಪ್ರಧಾನ ಕಾರ್ಯದರ್ಶಿಯಾದರು. ಹು ಚುನ್‌ಹುವಾ ಪಾಲಿಟ್‌ಬ್ಯೂರೊದಿಂದಲೂ ಹೊರಗೆ. ಸಮಾರೋಪದ ದಿನ ಪತ್ರಕರ್ತರ ಕ್ಯಾಮೆರಾಗಳ ಎದುರೇ 79 ವರ್ಷದ ಹು ಜಿಂಟಾವೊ ಅವರನ್ನು ತೋಳು ಹಿಡಿದು ಎಬ್ಬಿಸಿ ಕರೆದೊಯ್ಯಲಾಯಿತು. ಅನಾರೋಗ್ಯ ಎಂದಿತು ಷಿನ್ಹುವಾ. ಹೋಗುವಾಗ ಅವರು ಲಿ ಕೆಚಿಯಾಂಗ್ ಭುಜ ತಟ್ಟಿದರು. ಸಾಲಿನಲ್ಲಿ ಕುಳಿತವರಲ್ಲಿ ಬಹುತೇಕರು ತಲೆ ಹೊರಳಿಸಲಿಲ್ಲ. 2023ರ ಮಾರ್ಚ್ 10ರಂದು ಷಿ ಮೂರನೇ ಸಲ ದೇಶದ ಅಧ್ಯಕ್ಷರಾದಾಗ ಪರ 2,952, ವಿರುದ್ಧ ಸೊನ್ನೆ.

ಎದುರಾಳಿಗಳು ಮುಗಿದ ಮೇಲೆ ಬೇಟೆ ನಿಂತಿತೇ ಎಂದರೆ ಅದೂ ಇಲ್ಲ. 2023ರಲ್ಲಿ ವಿದೇಶಾಂಗ ಸಚಿವ ಚಿನ್ ಗಾಂಗ್, ರಕ್ಷಣಾ ಸಚಿವ ಲಿ ಶಾಂಗ್‌ಫು ಒಂದೆರಡು ತಿಂಗಳು ಕಾಣೆಯಾಗಿ ಆಮೇಲೆ ಹುದ್ದೆ ಕಳೆದುಕೊಂಡರು. ಇಬ್ಬರೂ ಷಿ ಅವರೇ ಆರಿಸಿಕೊಂಡವರು.

ಭಾರತಕ್ಕೆ ಇದು ದೂರದ ವಿಚಾರವಲ್ಲ. ತಿದ್ದುಪಡಿಯಾಗಿ ಏಳು ವಾರ ಕಳೆಯುವುದರೊಳಗೆ ವುಹಾನ್‌ನಲ್ಲಿ ಷಿ ಮತ್ತು ಮೋದಿ ಭೇಟಿ, 2019ರ ಅಕ್ಟೋಬರ್‌ನಲ್ಲಿ ಮಹಾಬಲಿಪುರಂ. 2020ರ ಜೂನ್‌ನಲ್ಲಿ ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಹಿಂದೆ ಬೀಜಿಂಗ್‌ನಲ್ಲಿ ಬೇರೆ ಬೇರೆ ಬಣಗಳ ಮನಸ್ಸು ಓದಿ ಲೆಕ್ಕ ಹಾಕುತ್ತಿದ್ದ ರಾಜತಾಂತ್ರಿಕರು ಈಗ ಒಬ್ಬರ ಮನಸ್ಸು ಓದಬೇಕಾಗಿದೆ. ಆ ಮನಸ್ಸನ್ನು ಅವರ ಸಚಿವರೇ ಸರಿಯಾಗಿ ಓದಲಾಗುತ್ತಿಲ್ಲ.

21ನೇ ಮಹಾಧಿವೇಶನ 2027ರಲ್ಲಿ. ಷಿ ಅವರಿಗೆ ಆಗ 74. 2012ರಲ್ಲಿ ಪಟ್ಟಕ್ಕೆ ಬಂದ ಷಿ ಐದು ವರ್ಷ ಮೊದಲೇ, 2007ರಲ್ಲಿ, ಸ್ಥಾಯಿ ಸಮಿತಿಗೆ ಬಂದು ಕೆಲಸ ಕಲಿತಿದ್ದರು. ಹು ಜಿಂಟಾವೊ ಹತ್ತು ವರ್ಷ ಕಲಿತಿದ್ದರು. 2022ರಲ್ಲಿ ಆರಿಸಿದ ಏಳು ಮಂದಿಯಲ್ಲಿ ಅತ್ಯಂತ ಕಿರಿಯ ಡಿಂಗ್ ಷುಯೆಷಿಯಾಂಗ್ 1962ರಲ್ಲಿ ಹುಟ್ಟಿದವರು, ಒಂದು ಪ್ರಾಂತ್ಯವನ್ನೂ ಸ್ವತಂತ್ರವಾಗಿ ನಡೆಸಿದವರಲ್ಲ. ಉತ್ತರಾಧಿಕಾರಿ ಎಂದು ಬೆರಳಿಟ್ಟು ತೋರಿಸಬಹುದಾದವರು ಆ ಸಾಲಿನಲ್ಲಿ ಯಾರೂ ಇಲ್ಲ. 2027ರ ಸ್ಥಾಯಿ ಸಮಿತಿಯಲ್ಲಿ ಅರವತ್ತರ ಆಸುಪಾಸಿನ, ಪ್ರಾಂತ್ಯ ಆಳಿದ ಅನುಭವವಿರುವ ಹೊಸಬರು ಒಬ್ಬರಾದರೂ ಬರುತ್ತಾರೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು. ಬರದಿದ್ದರೆ ನಾಲ್ಕನೇ ಅವಧಿಯ ಆಚೆಗೂ ಹಸ್ತಾಂತರದ ಸಿದ್ಧತೆ ಶುರುವಾಗಿಲ್ಲ ಎಂದೇ ತಿಳಿಯಬೇಕು.